ಎರಡು ಇಂಚು ಹೆಚ್ಚುವರಿ ಎತ್ತರ ಹಾಗೂ ಶಾಲಾ ಆರೋಗ್ಯ ನಮೂನೆ ಭರ್ತಿ ಶುಲ್ಕದ ಕುರಿತು

ಸುತ್ತೋಲೆ

ಸಂಖ್ಯೆ: ನಮೂನೆ/ಶುಲ್ಕ/ಅಳತೆ/114/ಭಾಗ-2 (ಭಾಗ-1 ಹುಡುಕಾಟದಲ್ಲಿದೆ)
ದಿನಾಂಕ: ಶುಕ್ರವಾರ, ಊಟದ ನಂತರ

ವಿಷಯ: ಶಾಲಾ ಮಕ್ಕಳ ಆರೋಗ್ಯ ನಮೂನೆಗಳನ್ನು ಭರ್ತಿ ಮಾಡಿಕೊಡಲು ವೈದ್ಯರು ಪೋಷಕರಿಂದ ಪಡೆಯುವ ಶುಲ್ಕವನ್ನು ನಿಯಂತ್ರಿಸುವ ಮತ್ತು ಐದನೇ ತರಗತಿಯ ಓಟಗಾರ್ತಿಯೊಬ್ಬಳ ಎತ್ತರವನ್ನು ಅಧಿಕೃತವಾಗಿ ನಿಗದಿಪಡಿಸುವ ಬಗ್ಗೆ.

ಉಲ್ಲೇಖ:
1. ಟೈಲರ್ ಅಮ್ಮನವರ ಅರ್ಜಿ, ಶುಕ್ರವಾರ ಬೆಳಿಗ್ಗೆ 10 ಗಂಟೆ 5 ನಿಮಿಷ.
2. ಡಾಕ್ಟರರ ಅರ್ಜಿ, ಅದೇ ದಿನ 10 ಗಂಟೆ 5 ನಿಮಿಷ (ಬಾಗಿಲು ಒಂದೇ ಇದ್ದುದರಿಂದ ಇಬ್ಬರೂ ಅಡ್ಡಲಾಗಿ ಒಳಬಂದಿರುತ್ತಾರೆ).
3. ಡ್ರಿಲ್ ಮಾಸ್ತರರ ಚೀಟಿ, ಬುಧವಾರ.
4. ಬಿಳಿ ಕೋಟು ಒಂದು, ರಸೀದಿ ಸಹಿತ.

ಪ್ರಸ್ತಾವನೆ:

ಕ್ರೀಡಾಕೂಟಕ್ಕೆ ಮುನ್ನ ಪ್ರತಿ ಮಗುವಿನ ಆರೋಗ್ಯ ನಮೂನೆಯನ್ನು ವೈದ್ಯರಿಂದ ಭರ್ತಿ ಮಾಡಿಸಿ ತರಿಸಿಕೊಳ್ಳುವ ಪದ್ಧತಿ ಶಾಲೆಗಳಲ್ಲಿ ಜಾರಿಯಲ್ಲಿರುತ್ತದೆ. ಸದರಿ ನಮೂನೆಯು ನಾಲ್ಕು ಪುಟಗಳದ್ದಾಗಿದ್ದು ಅರವತ್ತೊಂದು ಪ್ರಶ್ನೆಗಳನ್ನು ಒಳಗೊಂಡಿರುತ್ತದೆ. ಪ್ರಶ್ನೆಗಳನ್ನು ರಚಿಸಿದವರು ಯಾರೆಂಬುದು ಕಡತದಿಂದ ತಿಳಿದುಬರುವುದಿಲ್ಲ. ಅವರಿಗೆ ಮಕ್ಕಳಿರಲಿಲ್ಲವೆಂಬುದು ಮಾತ್ರ ಪ್ರಶ್ನೆಗಳಿಂದಲೇ ತಿಳಿದುಬರುತ್ತದೆ.

ಉಲ್ಲೇಖ 1ರ ಅರ್ಜಿದಾರರು ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಬೀಗ ರಿಪೇರಿ ಅಂಗಡಿಗೂ ಚಪ್ಪಲಿ ಅಂಗಡಿಗೂ ನಡುವೆ ಒಂದೇ ಬಾಗಿಲಿನ ಹೊಲಿಗೆ ಅಂಗಡಿ ನಡೆಸುವವರಾಗಿದ್ದು, ಸುತ್ತಲಿನ ಮೂರು ಶಾಲೆಗಳ ಯೂನಿಫಾರ್ಮು ಅವರ ಯಂತ್ರದಡಿಯಿಂದಲೇ ಹೊರಬರುತ್ತದೆ. ಅವರ ಕೊರಳಲ್ಲಿ ಅಳತೆಯ ಟೇಪು ಸದಾ ಇರುತ್ತದೆ. ವಿಚಾರಣೆಗೆ ಬಂದಾಗಲೂ ಇತ್ತು. ಅವರ ಮಗಳು ಐದನೇ ತರಗತಿಯಲ್ಲಿದ್ದು, ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ ನಡೆಯಲಿರುವ ರಿಲೇ ಓಟದಲ್ಲಿ ನಾಲ್ಕನೆಯವಳು, ಅಂದರೆ ಕಡೆಯ ಸುತ್ತು ಓಡಿ ಗೆರೆ ಮುಟ್ಟಬೇಕಾದವಳು. ಸರಿಯಾದ ನಮೂನೆಯನ್ನು ಶುಕ್ರವಾರ ಸಂಜೆ ಐದರೊಳಗೆ ಸಲ್ಲಿಸದ ಮಗುವನ್ನು ಓಡಿಸತಕ್ಕದ್ದಲ್ಲ ಎಂಬ ನಿಯಮವಿರುವುದರಿಂದ, ಅವಳೊಬ್ಬಳು ನಿಂತರೆ ಮಿಕ್ಕ ಮೂವರೂ ಕೋಲು ಹಿಡಿದು ಯಾರ ಕೈಗೆ ಕೊಡುವುದೆಂದು ತಿಳಿಯದೆ ನಿಲ್ಲಬೇಕಾಗುತ್ತದೆ. ಈ ಸುತ್ತೋಲೆ ಸಿದ್ಧವಾಗುತ್ತಿರುವ ವೇಳೆಗೆ ಸದರಿ ಬಾಲಕಿಯು ಕಛೇರಿಯ ಹೊರಗಿನ ಬೆಂಚಿನ ಮೇಲೆ ಕುಳಿತು ಕಾಲಾಡಿಸುತ್ತಿದ್ದಾಳೆ. ಬೆಂಚು ಕಿರುಗುಟ್ಟುತ್ತಿರುವುದನ್ನು ಇಲಾಖೆಯು ಗಮನಿಸಿದೆ.

ಪ್ರಕರಣ ನಡೆದ ಬಗೆ ಹೀಗಿರುತ್ತದೆ. ಮಂಗಳವಾರ ಟೈಲರ್ ಅಮ್ಮನವರು ಅಂಗಡಿಗೆ ಅರ್ಧ ಬಾಗಿಲು ಎಳೆದು ಮಗಳನ್ನು ಕರೆದುಕೊಂಡು ಚಿಕಿತ್ಸಾಲಯಕ್ಕೆ ಹೋದರು. ಕೌಂಟರಿನ ಮೇಲಿನ ಬೋರ್ಡಿನಲ್ಲಿ ಪರೀಕ್ಷೆಗೆ ನೂರು ಎಂದೂ, ನಮೂನೆ ಭರ್ತಿಗೆ ಇನ್ನೂರೈವತ್ತರವರೆಗೆ ಎಂದೂ ಬರೆದಿತ್ತು. ಮೂಗಿಗಿಂತ ಮೂಗುತಿ ಭಾರವಾದ ಕಾರಣವನ್ನು ಅವರು ಕೌಂಟರಿನ ನರ್ಸಮ್ಮನನ್ನು ವಿಚಾರಿಸಿದ್ದಾಗಿ ಹೇಳಿಕೆ ನೀಡಿದ್ದು, ನರ್ಸಮ್ಮನವರು ಅದನ್ನು ಅಲ್ಲಗಳೆದಿರುವುದಿಲ್ಲ. ಉಭಯರ ಹೇಳಿಕೆಗಳಿಂದ ಸಂಬಂಧಿಸಿದ ಭಾಗವನ್ನು ಯಥಾವತ್ತಾಗಿ ಉದ್ಧರಿಸಲಾಗಿದೆ:

“ಗೀಟಿಗೆ ಇಷ್ಟು ಅಂತ ಲೆಕ್ಕ ಅಕ್ಕ. ಹೌದು ಅಂದ್ರೆ ರೈಟ್ ಮಾರ್ಕು, ಒಂದೇ ಗೀಟು. ಇಲ್ಲ ಅಂದ್ರೆ ಇಂಟು ಮಾರ್ಕು, ಎರಡು ಗೀಟು.”

“ಅವಳಿಗೆ ಒಂದು ಕಾಯಿಲೆನೂ ಇಲ್ವಲ್ಲ ತಾಯಿ.”

“ಅದಕ್ಕೇ ಜಾಸ್ತಿ ಆಗಿರೋದು. ಐವತ್ತೆರಡು ಕಾಯಿಲೆ ಇಲ್ಲ ಅಂತ ಬರೀಬೇಕು. ನೂರ ನಾಕು ಗೀಟು.”

“ಹಾಗಾದ್ರೆ ನಾಕು ಕಾಯಿಲೆ ಇದ್ದಿದ್ರೆ ಅಗ್ಗ ಆಗ್ತಿತ್ತು ಅನ್ನಿ.”

“ಆಗ್ತಿತ್ತು. ಹೋದ ವಾರ ಒಂದು ಹುಡುಗ ಬಂದಿತ್ತು, ನೆಗಡಿ, ಕಜ್ಜಿ, ಹುಳುಕು ಹಲ್ಲು ಎಲ್ಲಾ ಇತ್ತು ಪಾಪ. ಎಷ್ಟು ಉಳೀತು ಅವರಪ್ಪನಿಗೆ.”

ನಂತರ ನರ್ಸಮ್ಮನವರು ಕರುಣೆಯಿಂದ, ದೇಹದ ಅಳತೆಗಳ ಭಾಗವನ್ನು ತಾಯಿಯೇ ತುಂಬಿದಲ್ಲಿ ಐವತ್ತು ಬಿಡುವುದಾಗಿ ಸೂಚಿಸಿದರು. ಅಳತೆ ತೆಗೆಯುವವರಿಗೇ ಅಳತೆ ತೆಗೆಯಲು ಹೇಳಿದ್ದು ಮೀನಿಗೆ ಈಜಲು ಹೇಳಿದಂತಾಯಿತು. ಟೈಲರ್ ಅಮ್ಮನವರು ಕಾಯುವ ಕೋಣೆಯಲ್ಲೇ ಮಗಳನ್ನು ನಿಲ್ಲಿಸಿ, ತಿರುಗಿಸಿ, ಕೈ ಎತ್ತಿಸಿ, ಹದಿನೆಂಟು ವರ್ಷಗಳ ಕೈಚಳಕದಿಂದ ಎರಡು ನಿಮಿಷದಲ್ಲಿ ಮುಗಿಸಿದರು. ನಮೂನೆಯು ಎತ್ತರ, ತೂಕ ಇಷ್ಟನ್ನೇ ಕೇಳಿತ್ತು. ಅವರು ಎದೆ, ಸೊಂಟ, ತೋಳಿನ ಉದ್ದ, ಕತ್ತಿನ ಸುತ್ತಳತೆಗಳನ್ನೂ ಸೇರಿಸಿ, ಷರಾ ಕಾಲಂನಲ್ಲಿ “ಎಡ ಭುಜ ತುಸು ಇಳಿಜಾರು, ಪ್ಯಾಡ್ ಬೇಡ” ಎಂದು ಬರೆದರು. ಮತ್ತು ಇಡೀ ಪ್ರಕರಣಕ್ಕೆ ಮೂಲವಾದ ಸಂಗತಿಯೆಂದರೆ, ಶಾಲೆಗೆ ಹೋಗುವ ಯಾವ ಮಗುವಿನ ಅಳತೆ ತೆಗೆದರೂ ಮಾಡುವಂತೆ, ಬೆಳೆಯುವ ಮಗುವೆಂದು ಎತ್ತರಕ್ಕೆ ಎರಡು ಇಂಚು ಕೂಡಿಸಿ ಬರೆದರು. ನಾಲ್ಕು ಅಡಿ ಮೂರು ಇಂಚಿನ ಹುಡುಗಿ ಕಾಗದದ ಮೇಲೆ ನಾಲ್ಕು ಅಡಿ ಐದು ಇಂಚಾದಳು. ಹಾಗೆ ಕೂಡಿಸಿದ್ದು ತಮ್ಮ ಗಮನಕ್ಕೇ ಬಂದಿರಲಿಲ್ಲವೆಂದು ಅವರು ಹೇಳಿದ್ದು, ಇಲಾಖೆಯು ಇದನ್ನು ನಂಬಿದೆ. ಅವರಿಗೆ ನೀಡಲಾದ ಹಾಜರಿ ಚೀಟಿಯ ಅಂಚನ್ನೂ ವಿಚಾರಣೆಯ ನಡುವೆ ಅರ್ಧ ಇಂಚು ಒಳಕ್ಕೆ ಮಡಿಚಿಟ್ಟಿರುವುದು ಕಂಡುಬಂದಿರುತ್ತದೆ.

ಮಿಕ್ಕ ಗೀಟುಗಳನ್ನು ನರ್ಸಮ್ಮನವರು ಎಳೆದ ಮೇಲೆ ವೈದ್ಯರು ನಮೂನೆಯನ್ನು ಓದದೆ ಮೊಹರು ಒತ್ತಿ ಸಹಿ ಮಾಡಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂಬ ಗಾದೆಯನ್ನು ವಿಚಾರಣಾಧಿಕಾರಿಗಳು ಈ ಹಂತದಲ್ಲಿ ಉಚ್ಚರಿಸಿದ್ದು, ವೈದ್ಯರು ಅದಕ್ಕೆ ಆಕ್ಷೇಪಿಸಿ ಈ ಕೆಳಗಿನಂತೆ ಹೇಳಿಕೆ ನೀಡಿರುತ್ತಾರೆ:

“ದಿನಕ್ಕೆ ನಲವತ್ತು ನಮೂನೆ ಬರುತ್ತೆ ಸ್ವಾಮಿ. ಒಂದೊಂದರಲ್ಲಿ ಅರವತ್ತೊಂದು ಪ್ರಶ್ನೆ. ಮಗು ನಿದ್ದೆಯಲ್ಲಿ ನಗುತ್ತದೆಯೇ ಅಂತ ಕೇಳ್ತಾರೆ. ನಾನೇನು ಅವರ ಮನೇಲಿ ಮಲಗ್ತೀನಾ? ಬಲಗಿವಿಗಿಂತ ಎಡಗಿವಿ ಹೆಚ್ಚು ಕೇಳುತ್ತದೆಯೇ ಅಂತೆ. ಮಕ್ಕಳು ಯಾವ ಕಿವೀಲಿ ಕೇಳ್ತಾರೆ, ಹೇಳಿ? ದುಡ್ಡು ಇಟ್ಟಿದ್ದೇ ಜನ ಬರದೇ ಇರಲಿ ಅಂತ. ಆದ್ರೂ ಬರ್ತಾರೆ.”

ಈ ಹೇಳಿಕೆಯಲ್ಲಿ ಹುರುಳಿದೆಯೆಂದು ಕಂಡ ಇಲಾಖೆಯು, ಇಷ್ಟು ಕಷ್ಟಪಟ್ಟು ತುಂಬಿದ ನಮೂನೆಗಳನ್ನು ಏನು ಮಾಡಲಾಗುತ್ತದೆಂದು ಶಾಲೆಯ ಮುಖ್ಯೋಪಾಧ್ಯಾಯಿನಿಯವರನ್ನು ದೂರವಾಣಿಯಲ್ಲಿ ಕೇಳಿದಾಗ, ಅವರು “ಓದೋಕಲ್ಲ ಸರ್, ಇರಲಿ ಅಂತ” ಎಂದು ತಿಳಿಸಿರುತ್ತಾರೆ. ನಮೂನೆಗಳು ಬೀರುವಿನಲ್ಲಿದ್ದು, ಬೀರುವಿನ ಕೀಲಿಕೈ ಇನ್ನೊಂದು ಬೀರುವಿನಲ್ಲಿರುತ್ತದೆ.

ಆದರೆ ಯಾರೂ ಓದದ ನಮೂನೆಯ ಒಂದೇ ಒಂದು ಸಾಲನ್ನು ಓದುವ ವ್ಯಕ್ತಿ ಒಬ್ಬರಿದ್ದರು. ಡ್ರಿಲ್ ಮಾಸ್ತರರು ಮಕ್ಕಳನ್ನು ಎತ್ತರದ ಪ್ರಕಾರ ಸಾಲು ನಿಲ್ಲಿಸುವಾಗ ನಮೂನೆಯ ಅಂಕಿಯನ್ನು ನೋಡಿ ನಿಲ್ಲಿಸುತ್ತಾರೆ; ಮಕ್ಕಳನ್ನು ನೋಡುವುದಿಲ್ಲ. ಬುಧವಾರ ಸದರಿ ಬಾಲಕಿಯು ಇಬ್ಬರು ಲಂಬೂಗಳ ನಡುವೆ ನಿಂತು ಸಾಲಿನಲ್ಲಿ ಹಲ್ಲು ಬಿದ್ದಂತೆ ಕಂಡಳು. ಮಾಸ್ತರರು ಮೂರು ಸಲ ಸಾಲು ನೋಡಿ, ಮೂರು ಸಲ ಕಾಗದ ನೋಡಿ, ಕಡೆಗೆ “ನಮೂನೆ ಪ್ರಕಾರ ಇರುವುದಕ್ಕಿಂತ ಮಗು ಕಡಿಮೆ ಇದೆ” ಎಂಬ ಚೀಟಿಯೊಂದಿಗೆ ನಮೂನೆಯನ್ನು ಹಿಂದಿರುಗಿಸಿದರು. (ಉಲ್ಲೇಖ 3.)

ತಿದ್ದಿಸಲು ಹೋದಾಗ ಚಿಕಿತ್ಸಾಲಯವು ನಾನೂರು ಕೇಳಿತು. ತಿದ್ದುವುದಕ್ಕೆ ನೂರು, ತಿದ್ದುವ ಮುನ್ನ ಅನಿವಾರ್ಯವಾಗಿ ಓದಬೇಕಾಗುವುದರಿಂದ ಓದಿಗೆ ಮುನ್ನೂರು. “ಮೊದಲೇ ಓದಿದ್ರೆ ಇದು ಬರ್ತಿತ್ತಾ ಡಾಕ್ಟ್ರೇ?” ಎಂದು ಟೈಲರ್ ಅಮ್ಮನವರು ಕೇಳಿದ್ದಕ್ಕೆ, “ಮೊದಲು ನೀವು ಓದಿಗೆ ಕೊಟ್ಟಿರಲಿಲ್ಲವಲ್ಲಮ್ಮ” ಎಂಬ ಉತ್ತರ ಬಂದಿರುತ್ತದೆ. ಟೈಲರ್ ಅಮ್ಮನವರು ಮರುಮಾತಾಡದೆ ಎದ್ದು ಬಂದರು. ಅವರು ಮರುಮಾತಾಡದೆ ಎದ್ದುಹೋಗುವುದು ಒಳ್ಳೆಯ ಲಕ್ಷಣವಲ್ಲವೆಂದು ಬೀಗ ರಿಪೇರಿಯವರು ಸಾಕ್ಷ್ಯ ನುಡಿದಿದ್ದಾರೆ.

ಏಕೆಂದರೆ ಹೊಟ್ಟೆಯ ಭಾಗದಲ್ಲಿ ಒಂದೂವರೆ ಇಂಚು ಬಿಚ್ಚಿ ಹಿಗ್ಗಿಸಲೆಂದು ವೈದ್ಯರ ಬಿಳಿ ಕೋಟು ಹತ್ತು ದಿನಗಳಿಂದ ಅದೇ ಅಂಗಡಿಯಲ್ಲಿತ್ತು. ಗುರುವಾರ ವೈದ್ಯರು ಕೋಟು ಕೇಳಲು ಬಂದಾಗ ಅವರಿಗೆ ನೀಡಲಾದ ರಸೀದಿಯ ವಿವರ:

ಚೀಲ ಬಿಚ್ಚಿ ಕೋಟು ನೋಡಿದ್ದಕ್ಕೆ: 40.
ನೋಡಿ “ಅಯ್ಯೋ” ಎಂದದ್ದಕ್ಕೆ (ತಜ್ಞರ ಅಭಿಪ್ರಾಯ): 75.
ಟೇಪು ಚಾಚಿದ್ದಕ್ಕೆ: 20. ಮತ್ತೆ ಸುತ್ತಿದ್ದಕ್ಕೆ: 20.
ಸೂಜಿಗೆ ದಾರ ಪೋಣಿಸಿದ್ದಕ್ಕೆ, ಮೂರು ಯತ್ನ: 45.
ಹೊಲಿದದ್ದಕ್ಕೆ: ಎಂದಿನಂತೆ 30.
ಈ ರಸೀದಿಯನ್ನು ಓದಿ ಹೇಳುವುದಾದಲ್ಲಿ: 300.

“ಇದೇನಮ್ಮಾ ಹಗಲು ದರೋಡೆ” ಎಂದು ವೈದ್ಯರು ಕೇಳಿದ್ದಾಗಿಯೂ, “ನಿಮ್ಮ ಬೋರ್ಡು ನೋಡ್ಕೊಂಡೇ ಬರೆದದ್ದು ಡಾಕ್ಟ್ರೇ, ಏನಾದ್ರೂ ಬಿಟ್ಟುಹೋಗಿದ್ರೆ ಹೇಳಿ ಸೇರಿಸ್ತೀನಿ” ಎಂದು ಟೈಲರ್ ಅಮ್ಮನವರು ಕತ್ತರಿ ಕೆಳಗಿಡದೆ ಉತ್ತರಿಸಿದ್ದಾಗಿಯೂ ಚಪ್ಪಲಿ ಅಂಗಡಿಯವರು ದೃಢೀಕರಿಸಿದ್ದಾರೆ. ಪರಿಣಾಮವಾಗಿ ಉಭಯ ಅರ್ಜಿಗಳು ಇಲಾಖೆಯನ್ನು ತಲುಪಿದ್ದು, ಎರಡನ್ನೂ ಒಂದೇ ದಾರದಲ್ಲಿ ಕಟ್ಟಿ, ಅಳೆದು ಸುರಿದು ಪರಿಶೀಲಿಸಿ, ಈ ಕೆಳಕಂಡಂತೆ ಸಂಬಂಧಪಟ್ಟ ಎಲ್ಲರಿಗೂ ಈ ಮೂಲಕ ಸೂಚಿಸಲಾಗಿದೆ.

1. ವ್ಯಾಖ್ಯೆಗಳು. ಈ ಸುತ್ತೋಲೆಯಲ್ಲಿ ‘ನಮೂನೆ’ ಎಂದರೆ ನಾಲ್ಕು ಪುಟಗಳ ಕಾಗದ. ‘ಮಗು’ ಎಂದರೆ ನಮೂನೆಯಲ್ಲಿ ವಿವರಿಸಲಾದ ವ್ಯಕ್ತಿ. ಇದು ಖುದ್ದಾಗಿ ಹಾಜರಿರುವುದು ಅಪೇಕ್ಷಣೀಯ, ಆದರೆ ಕಡ್ಡಾಯವಲ್ಲ. ‘ಪೋಷಕರು’ ಎಂದರೆ ದುಡ್ಡು ತಂದವರು.

2. ರೈಟ್ ಮಾರ್ಕು ಹಾಗೂ ಇಂಟು ಮಾರ್ಕುಗಳಿಗೆ ಇನ್ನು ಮುಂದೆ ಗೀಟಿನ ಲೆಕ್ಕದಲ್ಲಿ ಶುಲ್ಕ ವಿಧಿಸತಕ್ಕದ್ದಲ್ಲ. ಆರೋಗ್ಯವಂತ ಮಗುವಿನ ತಾಯಿಗೆ ಇದರಿಂದ ದಂಡ ಬೀಳುತ್ತಿರುವುದು, ಹಾಗೂ ಕೆಲವು ತಂದೆಯರು ಖರ್ಚು ಉಳಿಸಲು ಮಗುವಿಗೆ ಒಂದೆರಡು ಕಾಯಿಲೆ ಇದೆಯೆಂದು ಒಪ್ಪಿಕೊಳ್ಳುತ್ತಿರುವುದು ಇಲಾಖೆಯ ಗಮನಕ್ಕೆ ಬಂದಿದೆ. ಒಂದು ಮಗುವಿಗೆ ಈ ರೀತಿ ರಿಯಾಯಿತಿಯಲ್ಲಿ ಬಂದ ಕಜ್ಜಿಯು ದಾಖಲೆಯಲ್ಲಿ ಮೂರನೇ ವರ್ಷವೂ ಮುಂದುವರಿದಿರುತ್ತದೆ.

3. ಐವತ್ತೆರಡು ಕಾಯಿಲೆಗಳೂ ಇಲ್ಲದ ಮಗುವಿನ ವಿಷಯದಲ್ಲಿ ಪುಟದ ಮೇಲಿನಿಂದ ಕೆಳಗಿನವರೆಗೆ ಒಂದೇ ಉದ್ದನೆಯ ಗೀಟು ಎಳೆಯಲು ಅನುಮತಿಸಲಾಗಿದೆ. ಗೀಟು ನೇರವಾಗಿರತಕ್ಕದ್ದು. ವೈದ್ಯರ ಬಳಿ ಸ್ಕೇಲು ಇಲ್ಲದಿದ್ದಲ್ಲಿ ಮಗುವಿನ ಕಂಪಾಸು ಪೆಟ್ಟಿಗೆಯಿಂದ ಎರವಲು ಪಡೆಯಬಹುದು, ಹಿಂದಿರುಗಿಸತಕ್ಕದ್ದು.

4. ಪೋಷಕರ ಪೆನ್ನಿನಿಂದ ಸಹಿ ಮಾಡಿದ ಸಂದರ್ಭದಲ್ಲಿ ಶಾಯಿಯ ಬಾಬ್ತು ಶೇಕಡಾ ಎರಡರಷ್ಟು ಕಡಿತ ನೀಡತಕ್ಕದ್ದು. ಸಹಿಯ ನಂತರ ಸದರಿ ಪೆನ್ನು ವೈದ್ಯರ ಜೇಬನ್ನು ಸೇರಿದಲ್ಲಿ ಪೂರ್ತಿ ಶುಲ್ಕ ಸಂದಾಯವಾಗಿದೆಯೆಂದೇ ತಿಳಿಯತಕ್ಕದ್ದು.

5. ಮಗುವನ್ನು “ಏನು ಪುಟ್ಟಿ, ಯಾವ ಕ್ಲಾಸು?” ಎಂದು ಕೇಳುವುದು ಸೌಜನ್ಯವೇ ಹೊರತು ಸಮಾಲೋಚನೆಯಲ್ಲ. ಇಂತಹ ಎರಡು ಪ್ರಶ್ನೆಗಳಿಗೆ ಶುಲ್ಕವಿಲ್ಲ. ಮೂರನೆಯ ಪ್ರಶ್ನೆಯು ಮಗ್ಗಿಗೆ ಸಂಬಂಧಿಸಿದ್ದಾದಲ್ಲಿ ಮಗುವೇ ಶುಲ್ಕ ಕೇಳಬಹುದು.

6. ಅಣ್ಣತಮ್ಮ, ಅಕ್ಕತಂಗಿಯರು ಜೊತೆಯಾಗಿ ಬಂದಲ್ಲಿ ಎರಡನೆಯವರಿಗೆ ಅರ್ಧ ಶುಲ್ಕ. ಆದರೆ ಒಬ್ಬರ ಎದೆಗೆ ಸ್ಟೆತಾಸ್ಕೋಪು ಇಟ್ಟು ಇನ್ನೊಬ್ಬರನ್ನು ಉಸಿರೆಳೆಯುವಂತೆ ಹೇಳತಕ್ಕದ್ದಲ್ಲ. ಅವಳಿಗಳ ವಿಷಯದಲ್ಲಿ ಕಾರ್ಬನ್ ಹಾಳೆ ಬಳಸುವ ಪದ್ಧತಿಯನ್ನು ತಕ್ಷಣದಿಂದ ನಿಲ್ಲಿಸತಕ್ಕದ್ದು; ಕೆಳಗಿನ ಹಾಳೆಯ ಅವಳಿಯು ಎಲ್ಲ ದಾಖಲೆಗಳಲ್ಲಿ ಮಸುಕಾಗಿದೆ.

7. ಅಜ್ಜಿಯರು. ಕಾಯುವ ಕೋಣೆಯಲ್ಲಿ ಅಜ್ಜಿಯರು ಪರರ ಮಕ್ಕಳನ್ನೂ ಹತ್ತಿರ ಕರೆದು ಕಣ್ಣಿನ ರೆಪ್ಪೆ ಕೆಳಗೆ ಎಳೆದು ನೋಡಿ, ಉಚಿತವಾಗಿ ಅಭಿಪ್ರಾಯ ನೀಡುತ್ತಿರುವುದಾಗಿ ವೈದ್ಯರ ಸಂಘದಿಂದ ದೂರು ಬಂದಿದೆ. ಪರಿಶೀಲಿಸಲಾಗಿ, ಅಜ್ಜಿಯರ ಅಭಿಪ್ರಾಯಕ್ಕೂ ವೈದ್ಯರ ಅಭಿಪ್ರಾಯಕ್ಕೂ ಶೇಕಡಾ ತೊಂಬತ್ತರಷ್ಟು ತಾಳೆಯಾಗಿದ್ದು, ಉಳಿದ ಹತ್ತರಲ್ಲಿ ಅಜ್ಜಿಯರು ಸರಿಯಾಗಿದ್ದರು. ಆದ್ದರಿಂದ ಅಜ್ಜಿಯರಿಗೆ ಪ್ರತ್ಯೇಕ ಕುರ್ಚಿ ಒದಗಿಸತಕ್ಕದ್ದು ಮತ್ತು ಅವರು ತಮ್ಮ ಅಭಿಪ್ರಾಯವನ್ನು ವೈದ್ಯರಿಗೆ ಕೇಳಿಸದಷ್ಟು ತಗ್ಗಿದ ದನಿಯಲ್ಲಿ ಹೇಳತಕ್ಕದ್ದು. ಎರಡನೆಯ ಷರತ್ತನ್ನು ಜಾರಿಗೊಳಿಸುವ ಅಧಿಕಾರಿಯನ್ನು ನೇಮಿಸಲು ಅರ್ಜಿ ಆಹ್ವಾನಿಸಲಾಗಿದ್ದು, ಯಾರೂ ಮುಂದೆ ಬಂದಿರುವುದಿಲ್ಲ.

8. ‘ಮಗು ನಿದ್ದೆಯಲ್ಲಿ ನಗುತ್ತದೆಯೇ’ ಎಂಬ ಪ್ರಶ್ನೆಗೆ ಉತ್ತರಿಸುವ ಹೊಣೆಯಿಂದ ವೈದ್ಯರನ್ನು ಮುಕ್ತಗೊಳಿಸಲಾಗಿದೆ. ಪ್ರಶ್ನೆಯನ್ನು ತೆಗೆದುಹಾಕಲು ಇಲಾಖೆಗೆ ಅಧಿಕಾರವಿಲ್ಲ. ಉತ್ತರವನ್ನು ಅದೇ ಕೋಣೆಯಲ್ಲಿ ಮಲಗುವವರು ನೀಡತಕ್ಕದ್ದು.

9. ಓದಿನ ಶುಲ್ಕ. ಸಹಿ ಮಾಡುವ ಮುನ್ನ ಓದುವುದು ವೈದ್ಯರ ಹಕ್ಕಾಗಿರುತ್ತದೆ. ಆದರೆ ಅದನ್ನು ಚಲಾಯಿಸಿದ್ದಕ್ಕೆ ಪೋಷಕರಿಂದ ಶುಲ್ಕ ಪಡೆಯತಕ್ಕದ್ದಲ್ಲ. ಓದದೆ ಸಹಿ ಮಾಡಿ ತಪ್ಪು ಕಂಡುಬಂದಲ್ಲಿ ಅದೇ ನಮೂನೆಯನ್ನು ವೈದ್ಯರು ಪೋಷಕರ ಎದುರು ಗಟ್ಟಿಯಾಗಿ, ಸ್ಪಷ್ಟವಾಗಿ, ಅರವತ್ತೊಂದೂ ಪ್ರಶ್ನೆಗಳ ಸಹಿತ ಓದಿ ಹೇಳತಕ್ಕದ್ದು. ನಿದ್ದೆ ಬಂದವರನ್ನು ಎಬ್ಬಿಸಿ ಮುಂದುವರಿಸತಕ್ಕದ್ದು.

10. ನಮೂನೆ ಕೇಳುವ ಶಾಲೆಯು ತಾನು ಕೇಳಿದ ನಮೂನೆಗಳಲ್ಲಿ ಚೀಟಿ ಎತ್ತಿ ವರ್ಷಕ್ಕೆ ಕನಿಷ್ಠ ಒಂದನ್ನಾದರೂ ಓದತಕ್ಕದ್ದು. ಓದಿದ್ದಕ್ಕೆ ಇಬ್ಬರು ಸಾಕ್ಷಿಗಳಿರಬೇಕು. ಮೊದಲಿಗೆ ಬೀರುವಿನ ಕೀಲಿಕೈ ಇರುವ ಬೀರುವಿನ ಕೀಲಿಕೈ ಎಲ್ಲಿದೆಯೆಂದು ಏಳು ದಿನಗಳೊಳಗೆ ವರದಿ ಮಾಡತಕ್ಕದ್ದು.

11. ಕೋಟು. “ಅಯ್ಯೋ” ಎಂಬುದಕ್ಕೆ ಶುಲ್ಕ ವಿಧಿಸುವ ಟೈಲರ್ ಅಮ್ಮನವರ ಕ್ರಮವು ವೈದ್ಯರ ದರಪಟ್ಟಿಯಲ್ಲಿನ ‘ಪ್ರಾಥಮಿಕ ಅವಲೋಕನ’ ಎಂಬುದಕ್ಕೆ ಅಕ್ಷರಶಃ ಸಮಾನವಾಗಿರುವುದರಿಂದ, ಒಂದನ್ನು ರದ್ದುಪಡಿಸಿದರೆ ಇನ್ನೊಂದನ್ನೂ ರದ್ದುಪಡಿಸಬೇಕಾಗುತ್ತದೆ. ಎರಡನ್ನೂ ರದ್ದುಪಡಿಸಲಾಗಿದೆ. ಹೊಲಿಗೆಯ ಮೂವತ್ತನ್ನು ವೈದ್ಯರು ಕಛೇರಿಯಲ್ಲೇ ಪಾವತಿಸಿ ಕೋಟು ಧರಿಸಿ ನೋಡಿದ್ದು, ಗುಂಡಿ ಹಾಕಲು ಸಲೀಸಾಗಿ ಬಂದಿರುತ್ತದೆ. “ಪರವಾಗಿಲ್ಲ, ಚೆನ್ನಾಗಿ ಕೂತಿದೆ” ಎಂದು ಅವರೂ, “ಇನ್ನೂ ಅರ್ಧ ಇಂಚು ಒಳಗಿದೆ, ಬೇಕಾದಾಗ ಬನ್ನಿ” ಎಂದು ಟೈಲರ್ ಅಮ್ಮನವರೂ ನುಡಿದಿದ್ದನ್ನು ರಾಜಿಯೆಂದು ದಾಖಲಿಸಿಕೊಳ್ಳಲಾಗಿದೆ.

12. ಬಾಲಕಿಯ ಎತ್ತರ. ನಾನೂರು ಕೊಡುವುದಿಲ್ಲವೆಂದು ತಾಯಿಯೂ, ಸಹಿ ಮಾಡಿದ್ದನ್ನು ಪುಕ್ಕಟೆ ತಿದ್ದಿದರೆ ನಾಳೆ ನಲವತ್ತು ಜನ ಬರುತ್ತಾರೆಂದು ವೈದ್ಯರೂ ಪಟ್ಟು ಹಿಡಿದಿರುವುದರಿಂದ, ಹಾವೂ ಸಾಯದ ಕೋಲೂ ಮುರಿಯದ ದಾರಿಯೊಂದನ್ನು ಹುಡುಕುವ ಹೊಣೆ ಇಲಾಖೆಯ ಮೇಲೆ ಬಿದ್ದಿರುತ್ತದೆ.

(ಕ) ಬಾಲಕಿಯನ್ನು ಕಛೇರಿಯ ಗೋಡೆಗೆ ನಿಲ್ಲಿಸಿ ಅಳೆಯಲಾಯಿತು. ಬೆಳಿಗ್ಗೆ ನಾಲ್ಕು ಅಡಿ ಮೂರು ಇಂಚು. ಎರಡು ಗಂಟೆ ಬೆಂಚಿನ ಮೇಲೆ ಕಾದ ನಂತರ ನಾಲ್ಕು ಅಡಿ ಎರಡೂವರೆ. ಊಟವಾದ ಮೇಲೆ ಮತ್ತೆ ಮೂರು. ಆದ್ದರಿಂದ ಎತ್ತರವೆಂಬುದು ಕಛೇರಿಯ ವಿಳಂಬವನ್ನು ಅವಲಂಬಿಸಿರುತ್ತದೆಂದು ಸಾಬೀತಾಗಿದೆ.

(ಖ) ನಮೂನೆಯನ್ನು ತಿದ್ದುವ ಬದಲು ಮಗುವನ್ನೇ ನಮೂನೆಗೆ ಸರಿಹೊಂದಿಸುವ ಸಾಧ್ಯತೆಯನ್ನು ಪರಿಶೀಲಿಸಲಾಯಿತು. ಇದಕ್ಕೆ ಅಂದಾಜು ಹತ್ತು ತಿಂಗಳು ತಗಲುವುದೆಂದು ವೈದ್ಯರು ತಿಳಿಸಿದ್ದು (ಶುಲ್ಕವಿಲ್ಲದೆ), ಓಟವು ನಾಳೆಯೇ ಇರುವುದರಿಂದ ಸಲಹೆಯನ್ನು ಕೈಬಿಡಲಾಗಿದೆ.

(ಗ) ತದನಂತರ ತಾಯಿಯವರು ಈ ಕೆಳಗಿನ ಹೇಳಿಕೆ ನೀಡಿದರು: “ಸರ್, ಯೂನಿಫಾರ್ಮು ಹೊಲಿಯುವಾಗ ಕೆಳಗಡೆ ಎರಡು ಇಂಚು ಒಳಕ್ಕೆ ಮಡಿಚಿ ಹೊಲೀತೀವಿ. ಆ ಬಟ್ಟೆ ಇಲ್ಲ ಅಂತ ಹೇಳೋಕಾಗುತ್ತಾ? ಇದೆ. ಕಾಣಲ್ಲ ಅಷ್ಟೇ. ಇವಳಲ್ಲೂ ಹಾಗೇ. ಇವರಪ್ಪ ಬಾಗಿಲಿಗೆ ತಲೆ ತಗಲಿಸ್ಕೋತಾರೆ, ನಮ್ಮಣ್ಣ ಫ್ಯಾನಿಗೆ ತಗಲಿಸ್ಕೋತಾನೆ. ಇವಳೊಳಗೆ ಎರಡು ಇಂಚು ಇಲ್ಲ ಅಂತ ನೀವು ಬರೆದುಕೊಡಿ ನೋಡೋಣ.”

(ಘ) ಹಾಗೆ ಬರೆದುಕೊಡಲು ಯಾವ ಅಧಿಕಾರಿಯೂ ಮುಂದಾಗಲಿಲ್ಲ. ವೈದ್ಯರನ್ನು ಕೇಳಲಾಗಿ, ವೈದ್ಯಶಾಸ್ತ್ರವೂ ಹೆಚ್ಚುಕಡಿಮೆ ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತದೆಂದು ಒಪ್ಪಿಕೊಂಡರು. ಆದ್ದರಿಂದ, ಸದರಿ ಬಾಲಕಿಯ ಎತ್ತರವು ನಾಲ್ಕು ಅಡಿ ಐದು ಇಂಚು ಆಗಿದ್ದು, ಅದರಲ್ಲಿ ಎರಡು ಇಂಚು ಒಳಮಡಿಕೆಯ ರೂಪದಲ್ಲಿ ಇರುತ್ತದೆಂದು ಈ ಮೂಲಕ ಆದೇಶಿಸಲಾಗಿದೆ. ಮಡಿಕೆಯನ್ನು ಬಿಚ್ಚುವ ಹೊಣೆ ಕಾಲದ್ದಾಗಿರುತ್ತದೆ. ನಮೂನೆ ತಪ್ಪಲ್ಲ, ತಿದ್ದುಪಡಿ ಬೇಕಿಲ್ಲ, ಶುಲ್ಕ ಹುಟ್ಟುವುದಿಲ್ಲ. ಡ್ರಿಲ್ ಮಾಸ್ತರರು ಇನ್ನು ಮುಂದೆ ಸಾಲು ನಿಲ್ಲಿಸುವಾಗ ಮಕ್ಕಳ ಕಡೆಗೂ ಒಮ್ಮೆ ನೋಡತಕ್ಕದ್ದು.

(ಙ) ಈ ರಿಯಾಯಿತಿಯು ವಯಸ್ಕರಿಗೆ ಅನ್ವಯಿಸುವುದಿಲ್ಲ. ತಮ್ಮಲ್ಲೂ ಒಳಮಡಿಕೆ ಇದೆಯೆಂದು ಅರ್ಜಿ ಸಲ್ಲಿಸಿರುವ ಲೆಕ್ಕಶಾಖೆಯ ಇಬ್ಬರು ಗುಮಾಸ್ತರ ಕೋರಿಕೆಯನ್ನು ತಿರಸ್ಕರಿಸಲಾಗಿದೆ.

13. ಪ್ರಶ್ನೆ ಸಂಖ್ಯೆ 61. ನಮೂನೆಯನ್ನು ಹಿಂದಿರುಗಿಸುವ ಮುನ್ನ ಇಲಾಖೆಯು ಅದನ್ನು ಪೂರ್ತಿಯಾಗಿ ಓದಿದ್ದು, ದಾಖಲೆಗಳ ಪ್ರಕಾರ ಶಾಲಾ ಆರೋಗ್ಯ ನಮೂನೆಯೊಂದನ್ನು ಯಾರಾದರೂ ಪೂರ್ತಿ ಓದಿದ್ದು ಇದೇ ಮೊದಲು. ಓದಲಾಗಿ, ಅರವತ್ತು ಪ್ರಶ್ನೆಗಳಿಗೆ ಉತ್ತರವಿದ್ದು, ಕಡೆಯದಾದ ‘ಮಗುವು ಓಟದಲ್ಲಿ ಭಾಗವಹಿಸಲು ದೈಹಿಕವಾಗಿ ಸಮರ್ಥವಾಗಿದೆಯೇ’ ಎಂಬುದರ ಮುಂದೆ ಜಾಗ ಖಾಲಿಯಿರುವುದು ಕಂಡುಬಂದಿರುತ್ತದೆ. ಇದು ಪತ್ತೆಯಾದಾಗ ಗಂಟೆ ನಾಲ್ಕಾಗಿ ಹತ್ತು ನಿಮಿಷವಾಗಿದ್ದು, ವೈದ್ಯರು ಕೋಟು ಧರಿಸಿ ಚಿಕಿತ್ಸಾಲಯಕ್ಕೆ ಹೊರಟುಹೋಗಿದ್ದರು. ಅಲ್ಲಿ ಮೂವತ್ತೊಂದು ನಮೂನೆಗಳು ಸಾಲಿನಲ್ಲಿವೆಯೆಂದು ನರ್ಸಮ್ಮನವರು ದೂರವಾಣಿಯಲ್ಲಿ ತಿಳಿಸಿದರು. ಟೈಲರ್ ಅಮ್ಮನವರು ಟೇಪನ್ನು ಕೊರಳಿಂದ ತೆಗೆದು ಕೈಗೆ ಸುತ್ತಿಕೊಂಡು, ಬಿಚ್ಚಿ, ಮತ್ತೆ ಸುತ್ತಿಕೊಂಡರು.

14. ಸದರಿ ಪ್ರಶ್ನೆಗೆ ವೈದ್ಯರ ಹೊರತು ಯಾರು ಉತ್ತರಿಸಬಹುದೆಂಬ ಬಗ್ಗೆ ನಿಯಮಗಳಲ್ಲಿ ಏನೂ ಇಲ್ಲದಿರುವುದರಿಂದ, ಕಡತವನ್ನು ಮೇಲಿನ ಮೇಜಿಗೆ ಮಂಡಿಸಲಾಗಿದೆ. ಮೇಲಿನ ಮೇಜಿನವರು ಸೋಮವಾರ ಬರುತ್ತಾರೆ.

15. ಈ ಸುತ್ತೋಲೆಯ ಪ್ರತಿ ತಲುಪಿದ್ದಕ್ಕೆ ಎಲ್ಲರೂ ಖುದ್ದಾಗಿ ಸಹಿ ಮಾಡಿ ಸ್ವೀಕೃತಿ ನೀಡತಕ್ಕದ್ದು. ಸಹಿಗೆ ಶುಲ್ಕ ಕೇಳತಕ್ಕದ್ದಲ್ಲ.

ಮೇಲ್ಕಂಡ ಸೂಚನೆಗಳನ್ನು ಅರ್ಥವಾದವರು ಅರ್ಥವಾದಷ್ಟು, ಅರ್ಥವಾಗದವರು ಪೂರ್ತಿಯಾಗಿ ಪಾಲಿಸತಕ್ಕದ್ದೆಂದು ತಿಳಿಸಲಾಗಿದೆ.

(ಸಹಿ, ಓದಿದ ನಂತರ)
ಉಪನಿರ್ದೇಶಕರು, ನಮೂನೆಗಳು
ನಿರ್ದೇಶಕರ ಪರವಾಗಿ; ನಿರ್ದೇಶಕರು ತಮ್ಮ ಮಗನ ನಮೂನೆ ಹಿಡಿದು ಚಿಕಿತ್ಸಾಲಯದ ಸಾಲಿನಲ್ಲಿರುವುದರಿಂದ

ಪ್ರತಿಗಳು ಹಾಗೂ ರವಾನೆ ಷರಾ:

1. ಡಾಕ್ಟರರಿಗೆ: ಬೋರ್ಡು ಬದಲಿಸುವ ಸಲುವಾಗಿ. ಬೋರ್ಡು ಬರೆಯುವವರು ಅಕ್ಷರಕ್ಕೆ ಇಷ್ಟೆಂದು ಕೇಳಿದಲ್ಲಿ ಇಲಾಖೆಯು ಮಧ್ಯಪ್ರವೇಶಿಸುವುದಿಲ್ಲ.

2. ನರ್ಸಮ್ಮನವರಿಗೆ: ಇನ್ನು ಮುಂದೆ ಕರುಣೆ ತೋರುವಾಗ ಎದುರಿಗಿರುವವರ ಕಸುಬನ್ನು ವಿಚಾರಿಸಿಕೊಳ್ಳತಕ್ಕದ್ದು.

3. ಮುಖ್ಯೋಪಾಧ್ಯಾಯಿನಿಯವರಿಗೆ: ಇರಲಿ ಅಂತ.

4. ಅಜ್ಜಿಯರ ಅವಗಾಹನೆಗೆ: ಕಾಯುವ ಕೋಣೆಯಲ್ಲಿ ಅಂಟಿಸಲು. ಕಲಂ 7ರಲ್ಲಿ ಎರಡು ತಿದ್ದುಪಡಿಗಳನ್ನು ಅವರು ಈಗಾಗಲೇ ಸೂಚಿಸಿರುತ್ತಾರೆ.

5. ಟೈಲರ್ ಅಮ್ಮನವರಿಗೆ: ಖುದ್ದು ನೀಡಲಾಗಿದೆ. ಅಂಚು ಮಡಿಚಿಕೊಂಡು ಪಡೆದಿರುತ್ತಾರೆ.

6. ಓಟದ ಬಾಲಕಿಗೆ: ನೀಡಲಾಗಿರುವುದಿಲ್ಲ. ನಾಲ್ಕು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ, ಕಡತವು ಮೇಲಿನ ಮೇಜಿಗೆ ಹೋಗಿದೆಯೆಂದು ಕೇಳಿಸಿಕೊಂಡ ಸದರಿ ಬಾಲಕಿಯು ಮೇಜಿನ ಮೇಲಿದ್ದ ನಮೂನೆಯನ್ನು ಎತ್ತಿಕೊಂಡು ಶಾಲೆಯ ದಿಕ್ಕಿಗೆ ಓಡಿರುತ್ತಾಳೆ. ಕಲಂ 15ರಂತೆ ಆಕೆಯ ಸ್ವೀಕೃತಿ ಪಡೆಯಲು ಕಛೇರಿಯ ಜವಾನರನ್ನು ಬೆನ್ನಟ್ಟಲು ಕಳುಹಿಸಲಾಗಿ, ಅವರು ಬಸ್ ನಿಲ್ದಾಣದವರೆಗೆ ಅವಳ ಜಡೆಯನ್ನೂ, ಅಲ್ಲಿಂದ ಮುಂದೆ ಧೂಳನ್ನೂ ಕಂಡು, ಚಪ್ಪಲಿ ಅಂಗಡಿಯ ಕಟ್ಟೆಯ ಮೇಲೆ ಕುಳಿತು, ನೀರು ಕುಡಿದು, ಹಿಂದಿರುಗಿರುತ್ತಾರೆ. ಅವರ ವರದಿ: “ಸಾರ್, ಅದು ಹುಡುಗಿಯಲ್ಲ. ಗಾಳಿ. ಹಿಡ್ಯೋಕಾಗಲ್ಲ.” ಸದರಿ ವರದಿಯನ್ನು ಪ್ರಶ್ನೆ ಸಂಖ್ಯೆ 61ಕ್ಕೆ ಸರ್ಕಾರಿ ನೌಕರರೊಬ್ಬರು ಕರ್ತವ್ಯದ ವೇಳೆಯಲ್ಲಿ ಕಣ್ಣಾರೆ ಕಂಡು ನೀಡಿದ ಉತ್ತರವೆಂದು ಅಂಗೀಕರಿಸಿ, ಉಪನಿರ್ದೇಶಕರು ಶಾಲೆಗೆ ದೂರವಾಣಿ ಕರೆ ಮಾಡಿ ಕಲಂ 12ನ್ನೂ ಓದಿ ಹೇಳಿದ್ದು, ಡ್ರಿಲ್ ಮಾಸ್ತರರು ಆ ವೇಳೆಗೆ ಬಾಲಕಿ ತಮ್ಮೆದುರು ನಿಂತು ಐದು ನಿಮಿಷವಾಯಿತೆಂದೂ, ಏದುಸಿರು ಸಹ ಇಲ್ಲವೆಂದೂ, ಖಾಲಿ ಜಾಗದಲ್ಲಿ ತಾವೇ “ಹೌದು” ಎಂದು ಬರೆದುಕೊಂಡರೆಂದೂ ತಿಳಿಸಿರುತ್ತಾರೆ. ಶುಲ್ಕ: ಇಲ್ಲ.

7. ಜವಾನರಿಗೆ: ಮೊಣಕಾಲು ನೋವಿನ ನಿಮಿತ್ತ ಮೂರು ದಿನಗಳ ರಜೆ ಕೋರಿರುವುದು ಸರಿಯಷ್ಟೆ. ಕೋರಿಕೆಯೊಂದಿಗೆ ವೈದ್ಯರಿಂದ ಭರ್ತಿ ಮಾಡಿಸಿದ ನಾಲ್ಕು ಪುಟಗಳ ನಮೂನೆಯನ್ನು ಲಗತ್ತಿಸತಕ್ಕದ್ದು.